ಅಂಚೆಯಲ್ಲಿ ಕೊಲೆ ಕಳಿಸುವವರಿಗೆ ಒಂದು ಬಹಿರಂಗ ಪತ್ರ

ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕೊಲೆ, ನಾಲ್ಕಾರು ಶಂಕಿತರು, ಒಂದು ರಾಶಿ ಕಾಗದ ತುಂಬಿ ಮನೆಮನೆಗೆ ಕಳಿಸುವ ಒಗಟುಕಾರರೇ,



ನಾನೂ ನನ್ನ ಗಂಡನೂ ನಿಮ್ಮ ಹಳೆಯ ಗಿರಾಕಿಗಳು. ನಿಮ್ಮ ಪೆಟ್ಟಿಗೆಗಳು ಬೆಂಗಳೂರಿನ ನಮ್ಮ ಮನೆಗೆ ಒಮ್ಮೊಮ್ಮೆ ಕೊರಿಯರಿನಲ್ಲಿ ಸುಂಕ ಕಟ್ಟಿಸಿಕೊಂಡು ಬರುತ್ತವೆ; ಒಮ್ಮೊಮ್ಮೆ ನ್ಯೂಜೆರ್ಸಿಯ ನಾದಿನಿಯ ಸೂಟ್‌ಕೇಸಿನಲ್ಲಿ, ಚಾಕೊಲೇಟಿನ ಪೊಟ್ಟಣಗಳ ನಡುವೆ ಕೂತು ಬರುತ್ತವೆ. ಶನಿವಾರ ರಾತ್ರಿ ತಟ್ಟೆ ಲೋಟ ಎತ್ತಿ ಒರೆಸಿದ ಮೇಜಿನ ಮೇಲೆ ಸಾಕ್ಷಿಗಳ ಹೇಳಿಕೆ, ಹೋಟೆಲಿನ ಬಿಲ್ಲು, ಶವಪರೀಕ್ಷೆಯ ವರದಿ, ಅರ್ಧ ಹರಿದ ಫೋಟೊ ಎಲ್ಲ ಹರಡಿಕೊಳ್ಳುತ್ತವೆ. ನಾನು ಗಟ್ಟಿಯಾಗಿ ಓದುತ್ತೇನೆ. ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಎಂದು ಅವರು ಹಾಳೆಯ ಮೇಲೆ ಗೆರೆ ಎಳೆಯುತ್ತಾರೆ. ನಡುರಾತ್ರಿ ದಾಟಿದರೂ ಇಬ್ಬರಿಗೂ ಏಳುವ ಮನಸ್ಸಾಗುವುದಿಲ್ಲ.

ಮದುವೆಯಾಗಿ ವರ್ಷಗಳು ಕಳೆದ ಮೇಲೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಕಾರಣ ಹೇಳುವುದು ನಿಂತುಹೋಗುತ್ತದೆ. ಯಾವ ಸೋಫಾ ಕೊಳ್ಳಬೇಕು, ಯಾರ ಮನೆಯ ಗೃಹಪ್ರವೇಶಕ್ಕೆ ಯಾರು ಹೋಗಬೇಕು, ಎಲ್ಲವೂ ‘ನಿಮ್ಮಿಷ್ಟ’ ಎಂಬಲ್ಲಿಗೆ ಇತ್ಯರ್ಥವಾಗುತ್ತದೆ. ನಿಮ್ಮ ಪೆಟ್ಟಿಗೆಯ ಮುಂದೆ ಅದು ನಡೆಯದು. ‘ಇದು ಆ ನರ್ಸಿನ ಕೆಲಸವೇ’ ಎಂದರೆ ಎದುರಿನಿಂದ ‘ಹೇಗೆ ಹೇಳ್ತೀಯ?’ ಎಂದು ಬರುತ್ತದೆ. ಕಾಗದ ಎತ್ತಿ ತೋರಿಸಬೇಕು. ನನ್ನ ಗಂಡ ಗಡಿಯಾರವನ್ನು ನಂಬುವವರು. ನಾನು ನೋಡುವುದು ಯಾರು ಯಾರಿಗೆ ಎಂಥ ದನಿಯಲ್ಲಿ ಬರೆದಿದ್ದಾರೆ ಎಂಬುದನ್ನು. ಬೇರೆ ಬೇರೆ ದಾರಿ ಹಿಡಿದ ಇಬ್ಬರು ಒಂದೇ ಹೆಸರಿನ ಮುಂದೆ ಬಂದು ನಿಲ್ಲುವ ಆ ಗಳಿಗೆಯ ಸುಖಕ್ಕಾಗಿಯೇ ನಾವು ನಿಮಗೆ ಹಣ ಕಟ್ಟುತ್ತೇವೆ. ನಿಮ್ಮ ಕೆಲಸದ ಬೆಲೆಯನ್ನು ನೀವೇ ಈಚೆಗೆ ಕಡಿಮೆ ಮಾಡಿಕೊಳ್ಳುತ್ತಿದ್ದೀರಿ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಕಸುಬಿಗೊಂದು ವಂಶಾವಳಿಯಿದೆ. 1936ರಲ್ಲಿ ಲಂಡನ್ನಿನಲ್ಲಿ ‘ಮರ್ಡರ್ ಆಫ್ ಮಯಾಮಿ’ ಎಂಬ ವಿಚಿತ್ರ ಪುಸ್ತಕ ಹೊರಬಂತು. ಮುಖಪುಟದಲ್ಲಿ ಎದ್ದು ಕಂಡ ಹೆಸರು ಕಾದಂಬರಿಕಾರ ಡೆನ್ನಿಸ್ ವೀಟ್ಲಿಯದು. ಯೋಜನೆ ಅವರ ಗೆಳೆಯ ಜೆ.ಜಿ. ಲಿಂಕ್ಸ್ ಅವರದು. ವಿಹಾರನೌಕೆಯೊಂದರಲ್ಲಿ ನಡೆದ ಸಾವಿನ ಪೊಲೀಸ್ ಕಡತವೇ ಆ ಪುಸ್ತಕ. ಕಥೆ ಹೇಳುವ ಲೇಖಕನ ದನಿ ಎಲ್ಲೂ ಇಲ್ಲ. ತಂತಿ ಸಂದೇಶ, ಪತ್ರ, ಹೇಳಿಕೆ, ಫೋಟೊ, ಅವುಗಳ ನಡುವೆ ನಿಜವಾದ ಕೂದಲು, ನಿಜವಾದ ಬೆಂಕಿಕಡ್ಡಿ, ಕಲೆಯಾದ ಪರದೆ ಬಟ್ಟೆಯ ಚೂರು. ಕೊನೆಯ ಪುಟಗಳಲ್ಲಿ ಉತ್ತರವನ್ನು ಮೊಹರು ಮಾಡಿಟ್ಟಿದ್ದರು. ಲಿಂಕ್ಸ್ ಹೊಟ್ಟೆಪಾಡಿಗೆ ತುಪ್ಪಳದ ವ್ಯಾಪಾರಿ; ಮುಂದೆ ವೆನಿಸ್ ನಗರವನ್ನು ಚಿತ್ರಿಸಿದ ಕನಲೆಟ್ಟೊನ ಕೃತಿಗಳ ಬಗ್ಗೆ ದೊಡ್ಡ ವಿದ್ವಾಂಸರೆನಿಸಿದರು. ಒಂದು ರೋಮವನ್ನೂ ಒಂದು ಬಣ್ಣದ ಗೆರೆಯನ್ನೂ ಹತ್ತಿರದಿಂದ ನೋಡಿ ಬಲ್ಲ ಕಣ್ಣು ಅದು. ಓದುಗರಿಗೂ ಅಂಥ ಕಣ್ಣಿದೆ ಎಂದು ಅವರು ನಂಬಿದರು. 1939ರ ಹೊತ್ತಿಗೆ ಅಂಥ ನಾಲ್ಕು ಕಡತಗಳು ಬಂದವು.

1981ರಲ್ಲಿ ಅಮೆರಿಕದಲ್ಲಿ ಬಂದ ‘ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್’ ಆಟವೂ ಅದೇ ನಂಬಿಕೆಯದು. ಲಂಡನ್ನಿನ ನಕ್ಷೆ, ವಿಳಾಸಗಳ ಪುಸ್ತಕ, ಆ ದಿನದ ಪತ್ರಿಕೆ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದು ಆಡುವವರ ವಿವೇಚನೆ. 1985ರಲ್ಲಿ ಅದಕ್ಕೆ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಸಿಕ್ಕಿತು. ನಮ್ಮ ಮನೆಯಲ್ಲಿ ಇದನ್ನು ಆಡುವಾಗ ಪತ್ರಿಕೆಯ ಮೂಲೆಯ ಎರಡು ಸಾಲಿನ ಜಾಹೀರಾತನ್ನು ಮೊದಲು ಕಂಡವರಿಗೆ ಅಂದಿನ ರಾತ್ರಿಯ ಗೌರವ.

ಈಗಿನ ಪೆಟ್ಟಿಗೆಗಳಲ್ಲಿ ಆ ನಂಬಿಕೆ ತೆಳುವಾಗುತ್ತಿದೆ. ಎಲ್ಲಿ ನೋಡಿದರೂ ನಾಲ್ಕಂಕಿಯ ಬೀಗ, ಅಕ್ಷರ ಪಲ್ಲಟಿಸಿದ ಗುಪ್ತಲಿಪಿ. 2007ರಲ್ಲಿ ಕ್ಯೋಟೊದಲ್ಲಿ ತಕಾವೊ ಕಾಟೊ ‘ರಿಯಲ್ ಎಸ್ಕೇಪ್ ಗೇಮ್’ ಶುರುಮಾಡಿದ ಮೇಲೆ ಜಗತ್ತಿನ ತುಂಬ ಹಬ್ಬಿದ, ಒಗಟು ಬಿಡಿಸಿ ಬೀಗ ತೆಗೆದು ಹೊರಬರಬೇಕಾದ ಎಸ್ಕೇಪ್ ರೂಮುಗಳಿಂದ ಇದು ಬಂತೆಂದು ಕಾಣುತ್ತದೆ. ಕೋಣೆಗೆ ಬೀಗ ಸಹಜ. ಇಂಕಾ ಮತ್ತು ಮಾರ್ಕುಸ್ ಬ್ರಾಂಡ್ ಎಂಬ ಜರ್ಮನ್ ದಂಪತಿ ರಚಿಸಿದ ‘ಎಕ್ಸಿಟ್’ ಆಟಗಳಲ್ಲಿ ಕಾಗದವನ್ನು ಮಡಿಚಿ, ಕತ್ತರಿಸಿ, ಹಾಳುಮಾಡಿಯೇ ದಾರಿ ಹುಡುಕಬೇಕು, ಅಲ್ಲಿ ಸಂಕೇತಗಳೇ ಜೀವಾಳ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೊಲೆ ಮಾಡಿದ ಮನುಷ್ಯ ತನ್ನ ಗುಟ್ಟನ್ನು ಅಡುಗೆ ಪುಸ್ತಕದಲ್ಲಿ ಸುಡೊಕು ಮಾಡಿ ಯಾಕೆ ಬರೆದಿಡುತ್ತಾನೆ? ಇನ್ನೂ ಬೇಸರದ ಮಾತೆಂದರೆ ಸಂಕೇತ ಬಿಡಿಸುವುದು ಒಬ್ಬರ ಕೆಲಸ. ಅವರು ಬಿಡಿಸುವಷ್ಟು ಹೊತ್ತು ಇನ್ನೊಬ್ಬರು ಫೋನು ನೋಡುತ್ತಾ ಕೂರುತ್ತಾರೆ. ಇಬ್ಬರಿಗೆಂದು ಪೆಟ್ಟಿಗೆಯ ಮೇಲೆ ಬರೆದು ಒಬ್ಬರ ಆಟ ಕಳಿಸಬೇಡಿ.

ಚೆನ್ನಾಗಿ ಕಟ್ಟಿದ ಪೆಟ್ಟಿಗೆ ಹೇಗಿರುತ್ತದೆ ಎಂಬುದನ್ನೂ ನಿಮ್ಮವರೇ ನಮಗೆ ತೋರಿಸಿದ್ದಾರೆ. ಒಂದರಲ್ಲಿ ಆ ನರ್ಸು, ಕೊನೆಯ ಬಸ್ಸು ಹಿಡಿದು ನೇರ ಮನೆಗೆ ಹೋದೆ ಎಂದಿದ್ದಳು. ನನ್ನ ಗಂಡನ ಕೈಯಲ್ಲಿದ್ದ ವೇಳಾಪಟ್ಟಿಗೆ ಆ ಮಾತು ಸರಿಯಾಗಿ ಕೂರುತ್ತಿತ್ತು. ನನ್ನ ಕೈಯಲ್ಲಿ ಅವಳು ಅಕ್ಕನಿಗೆ ಬರೆದ ಪತ್ರ: ಹೊಸ ಚಪ್ಪಲಿ ಮಳೆಯಲ್ಲಿ ನೆಂದು ಹಾಳಾಯಿತೆಂದು ಗೋಳು. ಹಳೆಯ ಪತ್ರಿಕೆಯ ಹವಾಮಾನದ ಅಂಕಣದಲ್ಲಿ ಮಳೆ ಶುರುವಾದದ್ದು ಬಸ್ಸು ಊರು ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ. ಮೂರು ಕಾಗದ, ಎರಡು ತಲೆ. ಒಂದೊಂದನ್ನೇ ಹಿಡಿದು ನೋಡಿದರೆ ಏನೂ ಇಲ್ಲ. ನಾನು ಓದಿದ್ದನ್ನು ಅವರು ಕೇಳಿಸಿಕೊಳ್ಳದಿದ್ದರೆ ಅವಳು ತಪ್ಪಿಸಿಕೊಂಡೇ ಹೋಗುತ್ತಿದ್ದಳು. ಅದನ್ನು ಬರೆದವರಿಗೆ ಈ ಪತ್ರದ ಮೂಲಕ ಕೈಮುಗಿಯುತ್ತೇನೆ.

ಕಾಗದವನ್ನು ಕೈಬಿಡಬೇಡಿ ಎಂಬುದೂ ಒಂದು ಕೋರಿಕೆ. ಒಂದು ಸಂಸ್ಥೆಯ ಪೆಟ್ಟಿಗೆಯಲ್ಲಿ ಮುಖ್ಯ ಸಾಕ್ಷಿಯೇ ಕ್ಯುಆರ್ ಕೋಡಿನ ಹಿಂದಿತ್ತು. ನಾವು ತೆರೆಯುವ ಹೊತ್ತಿಗೆ ಅಲ್ಲಿ ಖಾಲಿ ಪುಟ. ದುಡ್ಡು ಕೊಟ್ಟು ತಂದ ಕೊಲೆಗೆ ನ್ಯಾಯ ಸಿಗಲಿಲ್ಲ. ಲಿಂಕ್ಸ್ ಮತ್ತು ವೀಟ್ಲಿಯ ಕಡತ ಸಿಕ್ಕಿದರೆ ಇವತ್ತು ಸಂಜೆಯೂ ಕೂತು ಬಿಡಿಸಬಹುದು.

ಸತ್ತವರ ಬಗ್ಗೆ ಒಂದು ಮಾತು. ನಿಮ್ಮ ಬಹುಪಾಲು ಪೆಟ್ಟಿಗೆಗಳಲ್ಲಿ ಶಂಕಿತರಿಗೆ ಪ್ರೇಮ, ಸಾಲ, ಹೊಟ್ಟೆಕಿಚ್ಚು ಎಲ್ಲ ಇರುತ್ತವೆ; ಕೊಲೆಯಾದವಳಿಗೆ ಶವಪರೀಕ್ಷೆಯ ವರದಿ ಮಾತ್ರ. ಅವಳ ಕೈಬರಹದ ದಿನಸಿ ಚೀಟಿ, ಅರ್ಧ ಓದಿದ ಪುಸ್ತಕದ ಗುರುತು, ಕಟ್ಟದೆ ಉಳಿದ ಚಂದಾ ಬಿಲ್ಲು ಇವನ್ನೂ ಇಡಿ. ಅವಳಿಗೇನಾಯಿತು ಎಂದು ತಿಳಿಯಲೇಬೇಕು ಅನ್ನಿಸಿದಾಗ ನಾವು ಹೆಚ್ಚು ಜಾಗ್ರತೆಯಿಂದ ಓದುತ್ತೇವೆ. ಇನ್ನು ನಿಜವಾಗಿ ಸತ್ತವರ, ಮನೆಯವರು ಇನ್ನೂ ಅಳುತ್ತಿರುವವರ ಪ್ರಕರಣಗಳನ್ನು ದಯವಿಟ್ಟು ಪೆಟ್ಟಿಗೆಗೆ ತುಂಬಬೇಡಿ. ಕಲ್ಪನೆಯ ಹೆಣಗಳು ಬೇಕಾದಷ್ಟು ಸಿಗುತ್ತವೆ.

ಕೊನೆಗೆ, ನನ್ನ ದೊಡ್ಡ ಆಸೆ. ನಮಗೊಂದು ಕನ್ನಡದ ಪೆಟ್ಟಿಗೆ ಬೇಕು. ಇಂಗ್ಲಿಷಿನದನ್ನು ತಂದು ಹೆಸರು ಬದಲಿಸಿದ್ದು ಬೇಡ, ಇಲ್ಲಿಯ ಕಾಗದಗಳಿಂದಲೇ ಕಟ್ಟಿದ್ದು ಬೇಕು. ಸುಳಿವುಗಳಿಗೆ ನಮ್ಮಲ್ಲಿ ಬರವೇ? ಮದುವೆಯ ಕರೆಯೋಲೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬಲ್ಲಿ ಯಾವ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದೆ ಎಂಬುದರಲ್ಲೇ ಒಂದು ಮನೆತನದ ವೈರವಿದೆ. ಪಹಣಿಯಲ್ಲಿ ಒಂದು ಹೆಸರು ಹೋಗಿ ಇನ್ನೊಂದು ಬಂದ ವರ್ಷ ನೋಡಿದರೆ ಕೊಲೆಯ ಉದ್ದೇಶ ಸಿಕ್ಕೀತು. ಪಂಚಾಂಗವಂತೂ ಇದೆ. 1858ರಲ್ಲಿ ಇಲಿನಾಯ್ಸಿನ ನ್ಯಾಯಾಲಯದಲ್ಲಿ ವಕೀಲ ಅಬ್ರಹಾಂ ಲಿಂಕನ್, ಬೆಳದಿಂಗಳಲ್ಲಿ ಕೊಲೆ ಕಂಡೆ ಎಂದ ಸಾಕ್ಷಿಯ ಎದುರು ಪಂಚಾಂಗ ಹಿಡಿದು, ಆ ಹೊತ್ತಿಗೆ ಚಂದ್ರ ಮುಳುಗುವ ಅಂಚಿನಲ್ಲಿದ್ದನೆಂದು ತೋರಿಸಿ ಕಕ್ಷಿದಾರನನ್ನು ಬಿಡಿಸಿದರು. ನಮ್ಮ ಅತ್ತೆಯವರಿಗೆ ಅದಕ್ಕೆ ಪುಸ್ತಕವೂ ಬೇಡ. ‘ಅವತ್ತು ಅಮಾವಾಸ್ಯೆ ಕಳೆದು ಮೂರನೇ ದಿನ’ ಎಂದು ಕೂತಲ್ಲಿಂದಲೇ ಹೇಳುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿದ ತಲೆಮಾರು ಅವರದು. ಆ ಓದುಗರು ಎಲ್ಲಿಗೂ ಹೋಗಿಲ್ಲ. ಕನ್ನಡದಲ್ಲಿ ಬರೆಯಬಲ್ಲ ಇಬ್ಬರು ಲೇಖಕರನ್ನು, ಹಳೆಯ ದಸ್ತಾವೇಜು ಓದಿ ಬಲ್ಲ ಒಬ್ಬ ವಕೀಲರನ್ನು ಜೊತೆಗೆ ಕೂರಿಸಿಕೊಳ್ಳಿ. ಮೊದಲ ಪೆಟ್ಟಿಗೆಗೆ ಈಗಲೇ ಮುಂಗಡ ಕೊಡಲು ನಾವಿಬ್ಬರೂ ಸಿದ್ಧ.

ಅದನ್ನು ಕಟ್ಟುವಾಗ ಉತ್ತರದ ಲಕೋಟೆಯ ಮೇಲೆ ಎರಡು ಖಾಲಿ ಚೀಟಿ ಅಂಟಿಸಿ ಕಳಿಸಿ, ಒಂದು ಅವರಿಗೆ, ಒಂದು ನನಗೆ. ಹೆಸರಿಗೆ ಒಂದು ಸಾಲು, ಕಾರಣಕ್ಕೆ ನಾಲ್ಕು ಸಾಲು ಜಾಗವಿರಲಿ. ಬರೆದು, ಬದಲಾಯಿಸಿಕೊಂಡು ಓದಿ, ಆಮೇಲೆ ಲಕೋಟೆ ಒಡೆಯುತ್ತೇವೆ.

ಇತಿ,
ನಿಮ್ಮ ಪೆಟ್ಟಿಗೆಗಾಗಿ ಕಾಯುತ್ತಿರುವ ಗಿರಾಕಿ