ಪಾಲೆಯೋ ಕಾಯೆರೋ

ಅಲ್ಲ ಮಾರಾಯ್ರೆ, ಆಟಿ ಅಮಾವಾಸ್ಯೆ ಹತ್ತಿರ ಬಂತು. ಈ ಸಲ ನಿಮ್ಮಲ್ಲಿ ಕಷಾಯಕ್ಕೆ ಪಾಲೆಯ ಕೆತ್ತೆ, ಅಂದರೆ ತೊಗಟೆ, ತರುವುದು ಯಾರು? ಹುಡುಗನಾ? ಅವನಿಗೆ ಪಾಲೆ ಮರ ಗೊತ್ತುಂಟಾ? ಕೇಳಿದೆ ಅಂತ ಬೇಜಾರು ಮಾಡ್ಬೇಡಿ. ಬಂಟ್ವಾಳ, ಬೆಳ್ತಂಗಡಿ ಗುಡ್ಡೆಗಳಲ್ಲಿ ಪಾಲೆಯೂ ಉಂಟು, ಕಾಯೆರೂ ಉಂಟು. ಘಟ್ಟದ ಮೇಲಿನವರು ಕಾಸರ್ಕ ಅಂತಾರಲ್ಲ, ಅದೇ. ಒಂದರ ಕೆತ್ತೆ ಕಷಾಯಕ್ಕೆ, ಇನ್ನೊಂದರದ್ದು ಕುಡಿದರೆ ಆಂಬುಲೆನ್ಸ್.

ಶಾಸ್ತ್ರ ಎಲ್ಲ ನಮಗೆ ಬಾಯಿಪಾಠ. ಸೂರ್ಯ ಹುಟ್ಟುವ ಮುಂಚೆ ಹೋಗಬೇಕು, ಕತ್ತಿ ಮುಟ್ಟಿಸಬಾರದು, ಕಲ್ಲಲ್ಲೇ ಜಜ್ಜಿ ತೆಗೀಬೇಕು. ಹಿಂದೆ ಬಟ್ಟೆಯನ್ನೂ ಬಿಚ್ಚಿಟ್ಟು ಹೋಗುತ್ತಿದ್ದರಂತೆ. ಮೊಬೈಲ್ ಕ್ಯಾಮೆರಾದ ಕಾಲದಲ್ಲಿ ಅದನ್ನು ಬಿಟ್ಟದ್ದೇ ಒಳ್ಳೆಯದಾಯ್ತು. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಚುಂಯ್ ಅಂತ ಮುಳುಗಿಸುವುದೂ ಗೊತ್ತು. ಹಿಂದಿನ ದಿನ ಹಗಲಲ್ಲೇ ಹೋಗಿ, ಮರ ನೋಡಿ, ಗುರುತು ಕಟ್ಟಿ ಬರುವುದು ಮಾತ್ರ ಮರೆತುಹೋಗಿದೆ. ಕತ್ತಲೆಯಲ್ಲಿ ಎಲ್ಲ ಮರವೂ ಬೂದಿ ಬಣ್ಣವೇ ಅಲ್ವಾ?

ನೋಡಿ, ಪಾಲೆಯ ತೊಗಟೆ ಗೀರಿದರೆ ಬಿಳಿ ಹಾಲು ಜಿನುಗುತ್ತದೆ. ಎಲೆ ಗಂಟಿಗೆ ಆರೋ ಏಳೋ, ಬಿಡಿಸಿದ ಕೊಡೆ ಹಾಗೆ ಸುತ್ತಲೂ. ಕಾಯೆರಿನಲ್ಲಿ ಹಾಲಿಲ್ಲ. ಎಲೆ ಎರಡೆರಡೇ, ಎದುರುಬದುರು; ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತದೆ. ಹಣ್ಣು ಕಿತ್ತಳೆ ಬಣ್ಣದ್ದು, ನೋಡಲು ಚಂದ, ಮಂಗಟ್ಟೆ ಹಕ್ಕಿ ತಿಂದು ದಕ್ಕಿಸಿಕೊಳ್ಳುತ್ತದೆ. ನಮಗಾದರೆ ಕಾಯೆರಿನಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷ ಬೆನ್ನುಹುರಿಯ ಕಡಿವಾಣವನ್ನೇ ಕಳಚಿಬಿಡುತ್ತದೆ. ಮೈಯೆಲ್ಲ ಸೆಟೆದು ಬೆನ್ನು ಬಿಲ್ಲಾಗುತ್ತದೆ, ಪ್ರಜ್ಞೆ ಮಾತ್ರ ಹೋಗುವುದಿಲ್ಲ. ಕುದಿಸಿದರೆ ಇಳಿಯುವ ವಿಷವೂ ಅಲ್ಲ.

ಹಾಗಂತ ಕಾಯೆರ್ ಮದ್ದಲ್ಲ ಅಂತಲೂ ಹೇಳುವ ಹಾಗಿಲ್ಲ! ಪಂಡಿತರು ಅದರ ಬೀಜವನ್ನು ಗೋಮೂತ್ರದಲ್ಲಿ ದಿನಗಟ್ಟಲೆ ನೆನೆಸಿ, ಹಾಲಲ್ಲಿ ಬೇಯಿಸಿ, ಸಿಪ್ಪೆ-ಮೊಳಕೆ ತೆಗೆದು, ತುಪ್ಪದಲ್ಲಿ ಹುರಿದು, ಆಮೇಲೆ ವಾತಕ್ಕೆ ಕೊಡುತ್ತಾರೆ, ಅದೂ ಚಿಟಿಕೆ ಲೆಕ್ಕದಲ್ಲಿ. ಜೈನರ ಗ್ರಂಥ ಅಂದರೆ ನಮಗೆ ಮೂಡಬಿದಿರೆಯ ಧವಲಗಳ ತಾಳೆಗರಿ ನೆನಪಾಗುತ್ತದೆ. ಆದರೆ 14ನೇ ಶತಮಾನದಲ್ಲೇ ಮಂಗರಾಜ ಎಂಬ ಜೈನ ಕವಿ ‘ಖಗೇಂದ್ರಮಣಿದರ್ಪಣ’ ಅಂತ ಬರೀ ವಿಷವೈದ್ಯಕ್ಕೇ ಕನ್ನಡದಲ್ಲಿ ಒಂದು ಗ್ರಂಥ ಬರೆದಿಟ್ಟಿದ್ದಾನೆ, ಗೊತ್ತುಂಟಾ? ವಿಷದ ವಿಚಾರವನ್ನೂ ಪದ್ಯದಲ್ಲೇ ಹೇಳುವ ಪುಣ್ಯಾತ್ಮ!

ವಿಷವನ್ನು ಮದ್ದು ಮಾಡುವುದರಲ್ಲಿ ಬಿಳಿಯರೂ ಕಡಿಮೆಯವರಲ್ಲ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಥಾಮಸ್ ಹಿಕ್ಸ್ ಎಂಬವನಿಗೆ ದಾರಿಯಲ್ಲೇ ಇದೇ ಸ್ಟ್ರಿಕ್ನಿನ್ ಕೊಟ್ಟು, ಮೇಲಿಂದ ಬ್ರಾಂಡಿ, ಮೊಟ್ಟೆಯ ಬಿಳಿ ಕುಡಿಸಿ ಓಡಿಸಿದರು. ಆಗ ಅದು ಚೈತನ್ಯದ ಟಾನಿಕ್! ಮನುಷ್ಯ ಗುರಿ ಮುಟ್ಟುವಾಗ ಅರೆಜೀವ, ಆದರೂ ಚಿನ್ನ ಅವನಿಗೇ. ಸ್ಟ್ರಿಕ್ನಿನ್ನನ್ನು 1818ರಲ್ಲಿ ಮೊದಲು ಬೇರ್ಪಡಿಸಿದವರು ಪೆಲೆಟಿಯೆ, ಕಾವೆಂಟು ಎಂಬ ಇಬ್ಬರು ಫ್ರೆಂಚರು. ಎರಡು ವರ್ಷದ ಮೇಲೆ ಮಲೇರಿಯಾದ ಕ್ವಿನೈನ್ ತೆಗೆದದ್ದೂ ಅವರೇ. ತಮಾಷೆ ಅಂದರೆ, ಆ ಕ್ವಿನೈನಿಗೆ ಬದಲಿ ಅಂತ ಫಿಲಿಪೈನ್ಸಿನಲ್ಲಿ ಹಿಂದೆ ಜ್ವರಕ್ಕೆ ಕೊಡುತ್ತಿದ್ದದ್ದು ನಮ್ಮ ಈ ಪಾಲೆಯ ಕೆತ್ತೆಯನ್ನೇ.

ಒಂದು ಲೋಟ ಕಷಾಯಕ್ಕೆ ವರ್ಷವಿಡೀ ಜ್ವರ ಹೆದರುತ್ತದೆ ಅಂತ ನನಗೇನೂ ನಂಬಿಕೆ ಇಲ್ಲ ಬಿಡಿ. ಮಲೇರಿಯಾ ಬಂದರೆ ರಕ್ತ ಪರೀಕ್ಷೆಗೇ ಓಡಬೇಕು. ಆದರೂ ಮೂಗು ಹಿಡಿದು ಕುಡಿಯುತ್ತೇನೆ. ಕುಡಿಯದವರಿಗೆ ನಮ್ಮ ಮನೆಯಲ್ಲಿ ಮೆಂತೆ ಗಂಜಿ ಬಡಿಸುವುದಿಲ್ಲ.