ಗಗನದೂರ ಮೀಮಾಂಸೆ, ಅಥವಾ ಕೋಟೆಯಿಂದ ಕ್ಯಾಲಿಫೋರ್ನಿಯಾಕ್ಕೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರದ ಬಗ್ಗೆ ಪಂಡಿತರಲ್ಲಿ ತಕರಾರಿಲ್ಲ. ಭೂಗೋಳದ ಮೇಲೆ ದಾರ ಹಿಡಿದು ಬಿಗಿಯಾಗಿ ಎಳೆದರೆ ಸಿಕ್ಕಿದ್ದೇ ಕನಿಷ್ಠ ದೂರ. ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅದು ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಆ ಕಡೆಯಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾಯ್ದು, ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂದಿಳಿದರು. ಹಿಡಿದದ್ದು ಸುಮಾರು 17 ಗಂಟೆ. ಇದು ಪೂರ್ವಪಕ್ಷ. ಈ ಪಕ್ಷದವರು ಹುಣಸೂರು ಸೀಮೆಯಿಂದ ಒಬ್ಬನನ್ನಾದರೂ ಅಮೆರಿಕಕ್ಕೆ ಕಳಿಸಿಕೊಟ್ಟವರಲ್ಲ ಎಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ.

ಸಿದ್ಧಾಂತ ಹೀಗಿದೆ. ಪ್ರಯಾಣ ಶುರುವಾಗುವುದು ವಿಮಾನದ ಬಾಗಿಲು ಹಾಕಿದಾಗಲ್ಲ. ಹೊರಡುವ ದಿನ ಗಳಿಗೆ ಚೆನ್ನಾಗಿಲ್ಲದಿದ್ದರೆ, ಎರಡು ದಿನ ಮೊದಲೇ ಒಂದು ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಹೊರಟಂತೆಯೇ ಲೆಕ್ಕ. ಆದ್ದರಿಂದ 17 ಗಂಟೆಗೆ 48 ಕೂಡಿಸತಕ್ಕದ್ದು.

ಭಾರ ವಿಚಾರ. ಹೊಗೆಸೊಪ್ಪಿನ ಬೇಲು ಎತ್ತಿ ಪಳಗಿದ ಹುಣಸೂರಿನ ಕೈಗಳು 23 ಕೆ.ಜಿ. ಎಷ್ಟೆಂದು ತಕ್ಕಡಿಯಿಲ್ಲದೆ ಹೇಳುತ್ತವೆ. ಆದರೂ ಸೂಟ್‌ಕೇಸನ್ನು ತೂಗಲಾಗುತ್ತದೆ. ಇಪ್ಪತ್ತೈದು ಬರುತ್ತದೆ. ಹುರುಳಿಕಾಳು, ಚಟ್ನಿಪುಡಿ ಹೊರಗೆ ಬರುತ್ತವೆ. ಮಗ ಮುಖ ತೊಳೆಯಲು ಹೋದಾಗ ಅವ್ವ ಎರಡನ್ನೂ ಮತ್ತೆ ಸೀರೆಯ ಕೆಳಗೆ ತುರುಕುತ್ತಾಳೆ. ಈ ಎರಡು ಕೆ.ಜಿ. ಯಾವ ಯಂತ್ರಕ್ಕೂ ಸಿಗದೆ ಕ್ಯಾಲಿಫೋರ್ನಿಯಾ ತಲುಪುವ ಬಗೆಯನ್ನು ಭೌತಶಾಸ್ತ್ರ ಇನ್ನೂ ವಿವರಿಸಬೇಕಾಗಿದೆ.

‘ಮೈಸೂರಿನಲ್ಲೇ ಮಂಡಕಳ್ಳಿ ಇದೆಯಲ್ಲ?’ ಎಂಬ ಆಕ್ಷೇಪ ಬರಬಹುದು. ಇದೆ. ರನ್‌ವೇ 1,740 ಮೀಟರ್. ಎಟಿಆರ್ ಇಳಿಯುತ್ತದೆ, ಅಮೆರಿಕದ ವಿಮಾನ ಇಳಿಯದು. ಪಿರಿಯಾಪಟ್ಟಣದಲ್ಲಿ ಬೇರೊಂದು ಪಂಥವಿದೆ: 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ತೆರೆದಂದಿನಿಂದ, ವಿರಾಜಪೇಟೆ, ಮಾಕುಟ್ಟ ಘಾಟಿ ಇಳಿದು ಮಟ್ಟನ್ನೂರು ಸೇರುವುದೇ ಹತ್ತಿರ ಎನ್ನುವವರು. ಗಲ್ಫಿಗಾದರೆ ಇದು ಸರಿ, ಅಮೆರಿಕಕ್ಕೆ ಇದು ಬರಿಯ ವಾದ. ಕೆ.ಆರ್. ನಗರದವರಿಗೆ ರೈಲಿದೆ, ಆದ್ದರಿಂದ ಅವರನ್ನು ಈ ಪ್ರಬಂಧದಿಂದ ಕೈಬಿಡಲಾಗಿದೆ.

ಇನ್ನು ಮುಖ್ಯ ಪ್ರಮೇಯ. ಎಚ್.ಡಿ. ಕೋಟೆಯ ಡಿ.ಬಿ. ಕುಪ್ಪೆ ಕಡೆಯ ಹುಡುಗನೊಬ್ಬ ಜನವರಿಯಲ್ಲಿ ಮಧ್ಯಾಹ್ನ ಎರಡಕ್ಕೆ ದೇವನಹಳ್ಳಿಯಿಂದ ಹಾರಿದನೆನ್ನಿ. ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ಹದಿಮೂರೂವರೆ ಗಂಟೆ ಹಿಂದಿರುವುದರಿಂದ ಅದೇ ದಿನ ಸಂಜೆ ಐದೂವರೆಗೆ ಇಳಿಯುತ್ತಾನೆ. ಪಂಚಾಂಗದ ಪ್ರಕಾರ ಮೂರೂವರೆ ಗಂಟೆ, ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ ಏಳು. ಕಳಿಸಲು ಬಂದ ಹನ್ನೆರಡು ಜನರ ಟಿಟಿ ವಿಧಾನಸೌಧದ ಮುಂದೆ ಫೋಟೊಕ್ಕೆ ನಿಂತು, ಕೆಂಗೇರಿ ದಾಟುವಷ್ಟರಲ್ಲಿ ಕತ್ತಲೆ. 118 ಕಿ.ಮೀ. ದಶಪಥದಲ್ಲಿ ಹಾರಿ ಬಂದರೂ ಫಲವಿಲ್ಲ. ಅಂತರಸಂತೆ ದಾಟಿದ ಮೇಲೆ ನಾಗರಹೊಳೆ ಕಾಡಿನ ಗೇಟು ಸಂಜೆ ಆರಕ್ಕೇ ಬಿದ್ದಿರುತ್ತದೆ, ತೆಗೆಯುವುದು ಬೆಳಿಗ್ಗೆ ಆರಕ್ಕೆ. ಟಿಟಿ ಕೆಟ್ಟ ರಸ್ತೆಯಲ್ಲಿ ಓಲಾಡುತ್ತಿರುವಾಗ ಫೋನು ಬರುತ್ತದೆ.

‘ಮಾವ, ನಾನು ಇಳಿದೆ. ನೀವು ಮನೆ ಸೇರಿದ್ರಾ?’

‘ಇಲ್ಲ ಕಣಪ್ಪ, ಆನೆ ಅಡ್ಡ ನಿಂತದೆ.’

ಹೀಗೆ, ಹೋದವನು ಕಳಿಸಿದವರಿಗಿಂತ ಮೊದಲು ತಲುಪುತ್ತಾನೆ ಎಂಬುದು ಸಾಧಿತವಾಯಿತು. ಆದಕಾರಣ ಕೋಟೆ ಕಡೆಯಿಂದ ಬೀಳ್ಕೊಡಲು ಹೋಗುವವರು ತಲೆಗೊಂದು ಕಂಬಳಿ, ಬುತ್ತಿ ಮತ್ತು ಚಾರ್ಜ್ ಇರುವ ಫೋನು ತಪ್ಪದೆ ತರತಕ್ಕದ್ದು.