ಗೃಹವಿದ್ಯುತ್ಕರ್ಮಾನುಮತಿ ಮೀಮಾಂಸೆ: ಒಂದು ಅಪೂರ್ಣ ಭಾಷ್ಯ

ಗೃಹಸ್ಥನಾದವನು ತನ್ನ ಮನೆಯ ವೈರಿಂಗನ್ನು ತಾನೇ ಮುಟ್ಟಬಹುದೇ ಎಂಬ ಜಿಜ್ಞಾಸೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2005ರ ಜನವರಿ 1ರಂದು ಶಾಸ್ತ್ರಪದವಿಗೇರಿತು. ಅಂದು ಜಾರಿಗೆ ಬಂದ, ಕಟ್ಟಡ ನಿಯಮಾವಳಿಯ ‘ಪಾರ್ಟ್ ಪಿ’ ಎಂಬ ಅಧ್ಯಾಯವೇ ಪ್ರಸ್ತುತ ಭಾಷ್ಯದ ಮೂಲಗ್ರಂಥ. ಇಂದಿನ ಇಂಗ್ಲೆಂಡ್ ಶಾಖೆಯ ಪ್ರಕಾರ ಗೃಹವಿದ್ಯುತ್ಕರ್ಮವು ತ್ರಿವಿಧ: ವಿಜ್ಞಾಪ್ಯ, ಅವಿಜ್ಞಾಪ್ಯ, ಸ್ಥಾನದೋಷಜನ್ಯ ವಿಜ್ಞಾಪ್ಯ. ಹೊಸ ಸರ್ಕ್ಯೂಟ್ ಎಳೆಯುವುದು, ಫ್ಯೂಸ್ ಬೋರ್ಡ್ ಬದಲಿಸುವುದು ಮೊದಲನೆಯದು; ಕೆಲಸಕ್ಕೆ ಕೈಹಾಕುವ ಮುನ್ನ ಸ್ಥಳೀಯ ಕೌನ್ಸಿಲ್ಲಿನ ಬಿಲ್ಡಿಂಗ್ ಕಂಟ್ರೋಲ್ ವಿಭಾಗಕ್ಕೆ ಅರ್ಜಿ ಸಲ್ಲಿಸಿ ಶುಲ್ಕ ಕಟ್ಟತಕ್ಕದ್ದು. ಇರುವ ಸರ್ಕ್ಯೂಟಿಗೆ ಮಲಗುವ ಕೋಣೆಯಲ್ಲಿ ಇನ್ನೊಂದು ಸಾಕೆಟ್ ಸೇರಿಸುವುದು ಎರಡನೆಯದು, ಯಾರಿಗೂ ಹೇಳಬೇಕಿಲ್ಲ. ಮೂರನೆಯದು ಬಚ್ಚಲಿನದು. ಟಬ್ಬಿನ ಅಂಚಿನಿಂದ 60 ಸೆಂಟಿಮೀಟರ್ ಆಚೆಗೆ, ನೆಲದಿಂದ 2.25 ಮೀಟರ್ ಮೇಲಕ್ಕೆ, ಅಷ್ಟು ಆಕಾಶವು ಮಡಿ. ಅದರೊಳಗಿನ ಸರ್ಕ್ಯೂಟಿಗೆ ಏನಾದರೂ ಸೇರಿಸಿದರೆ ಅರ್ಜಿ ಬೇಕು. 61ನೆಯ ಸೆಂಟಿಮೀಟರಿನಲ್ಲಿ ಅದೇ ತಂತಿ, ಅದೇ ಸ್ಕ್ರೂಡ್ರೈವರ್, ಅದೇ ಒದ್ದೆ ಕೈ ಪರಿಶುದ್ಧ. (ಈಜುಕೊಳ, ಸೌನಾಗಳೆಂಬ ಉಪಭೇದಗಳೂ ಉಂಟು. ಅವುಗಳ ಒಡೆಯರು ಸ್ಕ್ರೂಡ್ರೈವರ್ ಹಿಡಿಯುವವರಲ್ಲವಾದ್ದರಿಂದ ಇಲ್ಲಿ ಕೈಬಿಟ್ಟಿದೆ.)

ಇನ್ನು ಅಧಿಕಾರಿನಿರ್ಣಯ. ಮಾನ್ಯತೆ ಪಡೆದ ಯೋಜನೆಯೊಂದರಲ್ಲಿ ಹೆಸರು ನೋಂದಾಯಿಸಿದ ಎಲೆಕ್ಟ್ರಿಷಿಯನ್ ಮುಂಗಡ ಅಪ್ಪಣೆ ಕೇಳಬೇಕಿಲ್ಲ. ಕೆಲಸ ಮುಗಿಸಿ, 30 ದಿನಗಳೊಳಗೆ ತಿಳಿಸಿದರಾಯಿತು. ತನ್ನ ಕೆಲಸ ಸರಿಯಿದೆ ಎಂದು ತಾನೇ ಬರೆದುಕೊಡುವ ಅಧಿಕಾರ ಅವನಿಗುಂಟು. ನೋಂದಣಿಯಿಲ್ಲದವನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರನೇ ಆಗಿದ್ದರೂ ಈ ಶಾಸ್ತ್ರದ ದೃಷ್ಟಿಯಲ್ಲಿ ಪಾಮರ. ಪೂರ್ವಪಕ್ಷದವರು ಕೇಳುತ್ತಾರೆ: ಹಾಗಾದರೆ ತಿಳಿಯದವರೆಲ್ಲ ತಂತಿ ಎಳೆದು ಸಾಯಲೆಂದೇ? ಅಲ್ಲ. 230 ವೋಲ್ಟಿಗೆ ಯಾರ ಮುಲಾಜೂ ಇಲ್ಲವೆಂಬುದು ನಿರ್ವಿವಾದ. ಆದರೆ ಬೆಂಕಿಗೂ ಅಪಾಯಕ್ಕೂ ಎಡೆಕೊಡದಂತೆ ಕೆಲಸ ಮಾಡಬೇಕೆಂಬ ಪಾರ್ಟ್ ಪಿಯ ಮೂಲ ವಿಧಿ ಅರ್ಜಿ ಬೇಕಾದ ಕೆಲಸಕ್ಕೂ ಬೇಡದ ಕೆಲಸಕ್ಕೂ ಸಮನಾಗಿ ಅನ್ವಯಿಸುತ್ತದೆ. ಅರ್ಜಿ ಅದರ ಮೇಲೆ ಕೂಡಿಸಿದ್ದು ಸುರಕ್ಷತೆಯನ್ನಲ್ಲ, ಸಹಿ ಯಾರದೆಂಬುದನ್ನು. ಬಿಲ್ಡಿಂಗ್ ಕಂಟ್ರೋಲ್ ಅಧಿಕಾರಿ ಪಾಯ, ಚರಂಡಿ, ಮೆಟ್ಟಿಲುಗಳನ್ನು ಬಲ್ಲವರು. ತಂತಿಯ ಪರೀಕ್ಷೆಗೆ ಸಾಮಾನ್ಯವಾಗಿ ಅವರೂ ಇನ್ನೊಬ್ಬ ಎಲೆಕ್ಟ್ರಿಷಿಯನ್ನನ್ನೇ ನೆಚ್ಚಬೇಕು. ಹೀಗೆ ಒಂದು ಸಾಕೆಟ್ಟಿನ ಹೊಸ ಸರ್ಕ್ಯೂಟಿಗೆ ತಂತಿಯ ಬೆಲೆಗಿಂತ ಶುಲ್ಕವೇ ಹಲವು ಪಟ್ಟು ಆದಾಗ ಮನುಷ್ಯ ಮಾಡುವುದೇನು? ಸದ್ದಿಲ್ಲದೆ ಮುಗಿಸುತ್ತಾನೆ. ಹಾಗೆ ಮುಗಿಸಿದವನು ಆಮೇಲೆ ಮೀಟರ್ ಹಿಡಿದು ಪರೀಕ್ಷಿಸಲೂ ಯಾರನ್ನೂ ಕರೆಯುವುದಿಲ್ಲ. ಕರೆದರೆ ಗುಟ್ಟು ರಟ್ಟು.

ಇಲ್ಲಿ ಪ್ರಾಯಶ್ಚಿತ್ತಭೇದ, ಫಲಶ್ರುತಿ ಎಂಬೆರಡು ಪ್ರಕರಣಗಳು ಬರಬೇಕಿತ್ತು. ಬೇಡ. ಜೀವ ಉಳಿಸುವ ನಿಯಮಗಳು ಬೇರೆಯೇ ಇವೆ, ಮಕ್ಕಳಿಗೂ ಹೇಳಿಕೊಡುವಷ್ಟು ಸರಳವಾಗಿವೆ. ಗೋಡೆಯಲ್ಲಿ 50 ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ ಹೂಳಿದ ಕೇಬಲ್ ಸ್ವಿಚ್ಚಿನಿಂದಲೋ ಸಾಕೆಟ್ಟಿನಿಂದಲೋ ನೆಟ್ಟಗೆ ಮೇಲಕ್ಕೆ, ಕೆಳಕ್ಕೆ ಅಥವಾ ಅಡ್ಡಕ್ಕೆ ಹೋಗಬೇಕು, ಓರೆಯಾಗಿ ಹೋಗಕೂಡದು. 30 ಮಿಲಿಆಂಪಿಯರ್ ಸೋರಿದೊಡನೆ ಕರೆಂಟು ಕಡಿಯುವ ಆರ್‌ಸಿಡಿ ಇರಬೇಕು. 2004ರಲ್ಲಿ ಸಂಸದೆಯೊಬ್ಬರ ಮಗಳು ತನ್ನ ಅಡುಗೆಮನೆಯಲ್ಲಿ ಸತ್ತಳು. ಸೌಟು ತೂಗುಹಾಕುವ ಲೋಹದ ಪಟ್ಟಿಯ ಸ್ಕ್ರೂ, ಇರಬಾರದ ಜಾಗದಲ್ಲಿ ಹಾದಿದ್ದ ಕೇಬಲ್ಲನ್ನು ಚುಚ್ಚಿತ್ತು. ಮರುವರ್ಷ ಬಂದ ಪಾರ್ಟ್ ಪಿ ಅಡುಗೆಮನೆಯನ್ನು ಅರ್ಜಿ ಬೇಕಾದ ಸ್ಥಳಗಳ ಪಟ್ಟಿಗೆ ಸೇರಿಸಿತು. 2013ರ ಏಪ್ರಿಲ್‌ನಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಇಂಗ್ಲೆಂಡಿನ ಮಟ್ಟಿಗೆ ಅದೇ ಅಡುಗೆಮನೆ ಪಟ್ಟಿಯಿಂದ ಹೊರಬಿತ್ತು; ವೇಲ್ಸಿನಲ್ಲಿ ಉಳಿಯಿತು. ಸೆವೆರ್ನ್ ನದಿಯ ಇಂಗ್ಲೆಂಡ್ ದಡದ ಗೋಡೆಯಲ್ಲಿ ಸ್ಕ್ರೂ ಕಡಿಮೆ ಚುಚ್ಚುತ್ತದೆಯೇ? ಅಪಾಯ ಇತ್ತೆಂದಾದರೆ ತೆಗೆದದ್ದು ಅನ್ಯಾಯ. ಇರಲಿಲ್ಲವೆಂದಾದರೆ ಎಂಟು ವರ್ಷ ಜನರಿಂದ ಶುಲ್ಕ ಕಟ್ಟಿಸಿಕೊಂಡದ್ದು ಯಾತಕ್ಕೆ? ಎರಡರಲ್ಲೊಂದನ್ನಾದರೂ ಯಾರಾದರೂ ಒಪ್ಪಿಕೊಳ್ಳಬೇಕಲ್ಲ!

ಆದರೂ ಕಾಗದ ಇದ್ದುದರಿಂದಲೇ ಮನೆ ಕೊಳ್ಳುವವನಿಗೆ ಧೈರ್ಯ ಎಂಬ ಕೊನೆಯ ಆಕ್ಷೇಪ ಉಳಿಯಿತು. ಮನೆ ಮಾರುವಾಗ ಸಾಲಿಸಿಟರ್ ಪ್ರಮಾಣಪತ್ರ ಕೇಳುವುದು ನಿಜ. ಇಲ್ಲದಿದ್ದರೆ ಗೋಡೆ ಬಿಚ್ಚಿ ನೋಡುತ್ತಾರೆಯೇ, ಆರ್‌ಸಿಡಿಯ ಬಟನ್ ಒತ್ತಿ ನೋಡುತ್ತಾರೆಯೇ? ಅನೇಕ ವೇಳೆ ಇಂಡೆಮ್ನಿಟಿ ವಿಮೆಯೊಂದನ್ನು ಕೊಳ್ಳುತ್ತಾರೆ. ಈ ವಿಮೆ ಶಾಕ್ ಹೊಡೆದದ್ದಕ್ಕೆ ಪರಿಹಾರ ಕೊಡುವುದಿಲ್ಲ. ಅನುಮತಿ ಇಲ್ಲದ ಕೆಲಸಕ್ಕಾಗಿ ಕೌನ್ಸಿಲ್ ಕ್ರಮ ಕೈಗೊಂಡರೆ ಅದರ ಖರ್ಚು ಕೊಡುತ್ತದೆ, ಅಂದರೆ ಮನೆಯವರನ್ನು ಕಾಯುವುದು ಕರೆಂಟಿನಿಂದಲ್ಲ, ಕೌನ್ಸಿಲ್ಲಿನಿಂದ. ಅದಕ್ಕೊಂದು ವಾಡಿಕೆಯ ಷರತ್ತೂ ಉಂಟು: ಆ ವೈರಿಂಗಿನ ವಿಷಯವಾಗಿ ಮುಂಚೆ ಕೌನ್ಸಿಲ್ಲನ್ನು ವಿಚಾರಿಸಿರಕೂಡದು. ವಿಚಾರಿಸಿದವರಿಗೆ ಪಾಲಿಸಿ ಸಿಗುವುದಿಲ್ಲ.